ಎಡಕ್ಕೆ ವಾಲಿದ ಹೊಲಿಗೆ

ಅಮ್ಮನಿಗೆ ನಮಸ್ಕಾರ.

ಈ ಕಥೆಯನ್ನು ಮೊದಲು ಹೇಳಿದವರು ನನ್ನ ವಕೀಲಮ್ಮ, ನಿನ್ನೆ ಮಧ್ಯಾಹ್ನ, ಕೋರ್ಟಿನಲ್ಲಿ.

ನಾನು ಹೊಲಿದುಕೊಟ್ಟಿದ್ದ ಹಾಸಿಗೆಯನ್ನೇ ಗಿರಾಕಿಯೊಬ್ಬ ಮತ್ತೆ ತಂದು, ನೆಂಟರ ಮನೆಗೆ ತಲುಪಿಸಲು ಹೇಳಿದ್ದ. ದಾರಿಯಲ್ಲಿ ಪೊಲೀಸರು ನನ್ನ ಗಾಡಿ ತಡೆದು ನೋಡಿದಾಗ ಹತ್ತಿಯೊಳಗೆ ಮಾದಕ ವಸ್ತು ಸಿಕ್ಕಿತು. ಬೇರೆ ಕೇಸಾದರೆ ತಪ್ಪನ್ನು ಅವರು ತೋರಿಸಬೇಕು. ಇದರಲ್ಲಿ, ನನ್ನ ಗಾಡಿಯಲ್ಲಿದ್ದದ್ದು ನನಗೆ ಗೊತ್ತಿತ್ತೆಂದೇ ಲೆಕ್ಕ. ಗೊತ್ತಿರಲಿಲ್ಲವೆಂದು ನಾನೇ ತೋರಿಸಬೇಕು, ಇಲ್ಲವೇ ಹತ್ತು ವರ್ಷ ಜೈಲು.

ವಕೀಲಮ್ಮ ಹಾಸಿಗೆಯನ್ನು ಮೇಜಿನ ಮೇಲೆ ಹರವಿದರು. "ಸ್ವಾಮಿ, ಇವಳು ಎಡಚಿ. ಹೊಲಿಗೆಯೆಲ್ಲ ಎಡಕ್ಕೆ ವಾಲುತ್ತೆ. ಈ ಒಂದು ಗೇಣು ಮಾತ್ರ ಬಲಕ್ಕಿದೆ, ನೋಡಿ. ಬಿಚ್ಚಿ ಹೊಲಿದ ಕೈ ಬೇರೆ."

ನ್ಯಾಯಾಧೀಶರು ಬಗ್ಗಿ ನೋಡಿದರು, ನನ್ನನ್ನು ಬಿಟ್ಟರು. ನೀನು ಅಷ್ಟು ಬೈದರೂ ಎಡಗೈ ಬಿಡದಿದ್ದದ್ದು ಒಳ್ಳೆಯದಾಯಿತು.

ಹಾಸಿಗೆಯ ಜೊತೆ ಪೊಲೀಸರು ಸಾಕ್ಷಿಗೆಂದು ಎತ್ತಿಕೊಂಡ ನನ್ನ ಉದ್ದ ಸೂಜಿ ಇನ್ನೂ ಕೋರ್ಟಿನಲ್ಲಿದೆ, ನಿನ್ನದನ್ನು ಕಳಿಸು. ಕಥೆ ಕೇಳಿದ ಪೇದೆಗಳಿಬ್ಬರು ಇಂದು ಬೆಳಗ್ಗೆಯೇ ಹರಿದ ಹಾಸಿಗೆ ಹೊತ್ತು ಬಂದಿದ್ದಾರೆ. ಎಡಗೈಯಲ್ಲೇ ಹೊಲಿಯಬೇಕಂತೆ.

ಇಂತಿ,
ನಿನ್ನ ಎಡಚಿ