ನಿನ್ನ ರೋಜಾ, ಅಬ್ಬಾನ ಗ್ಲಾಸು

ಓದಲು ಬಾರದ ನನ್ನ ಅಮ್ಮಿಗೆ,

ಕನ್ನಡ ಬಲ್ಲವರು ಯಾರಾದರೂ ನಿನಗೆ ಇದನ್ನು ಓದಿ ಹೇಳಲಿ. ನಿನ್ನ ಗಂಡನ ಹಟದ ಮುಂದೆ ನಾನು ಸೋತುಹೋಗಿದ್ದೇನೆ. ಬೇರೆ ಯಾರ ಹತ್ತಿರ ದೂರು ಹೇಳಲಿ?

ಮಾದನಹಿಪ್ಪರಗಾ ಬಸ್ ಸ್ಟ್ಯಾಂಡಿನಿಂದ ಅಬ್ಬಾ ಸಂಜೆ ಹಣ್ಣಿನ ಬಂಡಿ ತಳ್ಳಿಕೊಂಡು ಬರುತ್ತಿದ್ದದ್ದು ನೆನಪಿದೆಯಾ? ಮಾರದೆ ಉಳಿದ ಬಾಳೆಹಣ್ಣು, ಮೆತ್ತಗಾದ ಚಿಕ್ಕು, ಎಲ್ಲವನ್ನೂ ನೀನು ಹಾಲಿಗೆ ಹಾಕಿ ಕೈಯಿಂದಲೇ ಕಿವುಚಿ ನಮಗೆ ಕುಡಿಸುತ್ತಿದ್ದೆ. ಈಗ ಅದಕ್ಕೆ ನಿನ್ನ ಮೊಮ್ಮಗಳು ಸ್ಮೂದಿ ಅನ್ನುತ್ತಾಳೆ. ನೀನು ತೀರಿಹೋದ ಮೇಲೆ ಅಬ್ಬಾನನ್ನು ಆಳಂದಕ್ಕೆ ನಮ್ಮ ಮನೆಗೇ ಕರೆತಂದೆ. ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ ಅನ್ನುತ್ತಾರೆ. ಅದಕ್ಕೇ ಪೇರಲ, ಪಪ್ಪಾಯಿ, ಮೊಸರು, ನೆನೆಸಿದ ಬಾದಾಮಿ, ಒಂದು ಚಮಚ ಅಗಸಿ ಪುಡಿ ಹಾಕಿ ಮಿಕ್ಸರ್‌ನಲ್ಲಿ ತಿರುಗಿಸುತ್ತೇನೆ. ಅವರೊಬ್ಬರಿಗೇ ಕೊಟ್ಟರೆ "ನಾ ಏನ್ ರೋಗಿ ಏನಬೇ?" ಎಂದು ಮುಖ ತಿರುಗಿಸುತ್ತಾರೆ. ಹಾಗಾಗಿ ಮನೆಮಂದಿಯೆಲ್ಲ ಕುಡಿಯುತ್ತೇವೆ. ನಿನ್ನ ಅಳಿಯನಿಗೆ ಪಪ್ಪಾಯಿ ಕಂಡರಾಗದು, ಪಾಪ, ಮೂಗು ಹಿಡಿದುಕೊಂಡು ಕುಡಿಯುತ್ತಾರೆ.

ನಿನ್ನ ಕೊನೆಯ ರಮ್ಜಾನ್‌ನಲ್ಲಿ ನೀನು ಹಾಸಿಗೆಯಲ್ಲಿ ಮಲಗಿ, ಅಬ್ಬಾನ ಕೈ ಹಿಡಿದು, "ಒಂದ್ ರೋಜಾನೂ ಹಿಡ್ಯಾಕ ಆಗಲಿಲ್ಲಲ್ರೀ" ಎಂದು ಅತ್ತಿದ್ದೆ. ಸುಮ್ಮನೆ ಆಡಿದ ಮಾತೋ, ಏನನ್ನಾದರೂ ಕೇಳಿದ್ದೆಯೋ... ಅವರಂತೂ ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ನಿನ್ನ ತಪ್ಪಿದ ಉಪವಾಸಗಳನ್ನೆಲ್ಲ ತಾವೇ ಹಿಡಿಯತೊಡಗಿದರು. ಮೌಲಾನಾ ಸಾಹೇಬರು ಮನೆಗೇ ಬಂದು, "ಒಬ್ಬರ ರೋಜಾ ಇನ್ನೊಬ್ಬರು ಹಿಡಿಯೂದಿಲ್ರಿ ಚಾಚಾ. ಬಡವರಿಗೆ ಊಟ ಹಾಕ್ರಿ, ಸಾಕು" ಎಂದರು. ಅಬ್ಬಾ ಊಟವನ್ನೂ ಹಾಕಿಸಿದರು, ರೋಜಾವನ್ನೂ ಬಿಡಲಿಲ್ಲ. ಶುಗರ್ ಇದ್ದವರು ಹೀಗೆ ಉಪವಾಸ ಇರಬಾರದೆಂದು ಡಾಕ್ಟರ್ ಬೈದರು. ಅವರಿಗೂ ಒಂದು ಸಲಾಮ್ ಹೊಡೆದು ಎದ್ದು ಬಂದರು!

ಮೊನ್ನೆ ಮಧ್ಯಾಹ್ನ ಅಂಗಳದಲ್ಲಿ ಕಣ್ಣು ಕತ್ತಲೆ ಬಂದು ಕುಸಿದುಬಿಟ್ಟರು. ಓಡಿಹೋಗಿ ಸ್ಮೂದಿ ಗ್ಲಾಸು ತಂದು ತುಟಿಗೆ ಹಚ್ಚಿದೆ. ಹಲ್ಲು ಬಿಗಿಹಿಡಿದು ತಲೆ ಅಲ್ಲಾಡಿಸಿದರು.

"ಅಮ್ಮಿ ನಿಮಗ ಇದನ್ನ ಮಾಡ್ರಿ ಅಂತ ಕೇಳಿಲ್ರಿ, ಅಬ್ಬಾ."

"ಜೀವಮಾನದಾಗ ಅಕಿ ಏನೂ ಕೇಳಲಿಲ್ಲ. ಅದಕ್ಕೇ ಮಾಡಾಕತ್ತೇನಿ."

ಗ್ಲಾಸು ಹಿಡಿದುಕೊಂಡು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಸಂಜೆಯ ಅಜಾನ್ ಆಗುವವರೆಗೂ ಕೂತೇ ಇದ್ದೆ. ಇನ್ನೇನು ಮಾಡಲಿ, ಅಮ್ಮಿ? ಅವರ ಬಾಯಿ ತೆರೆಸುವುದು ನನ್ನಿಂದ ಆಗುತ್ತಿತ್ತೇ? ನೀನಿದ್ದಿದ್ದರೆ ಒಂದು ಮಾತು ಗದರಿಸುತ್ತಿದ್ದೆ...

ನಿನ್ನೆ ಸಂಜೆ ನಿನ್ನ ಕೊನೆಯ ರೋಜಾ ಮುಗಿಸಿದರು. ಈ ದಿನಕ್ಕಾಗಿ ನಾನು ಎಷ್ಟು ದುವಾ ಮಾಡಿದ್ದೆನೆಂದು ನಿನಗೇನು ಗೊತ್ತು! ಖುಷಿಗೆ ದಾಳಿಂಬೆ ಕಾಳನ್ನೂ ಮೇಲೆ ಉದುರಿಸಿ ಕೊಟ್ಟೆ. ಅಬ್ಬಾ ಪೂರ್ತಿ ಕುಡಿದು ಗ್ಲಾಸು ಕೆಳಗಿಟ್ಟರು.

"ಬೇಟಿ, ಅಕಿದು ಎಲ್ಲಾ ಮುಗೀತು. ನಾಳೆಯಿಂದ ನಾ ಏನ್ ಮಾಡಲಿ?"

ಆ ಮುಖ ನೋಡಲಾಗಲಿಲ್ಲ, ಅಮ್ಮಿ. ಇಷ್ಟು ದಿನ ಬೇಡ ಬೇಡ ಎಂದು ಕಾಲು ಹಿಡಿದವಳು ನಾನೇ. ಆದರೂ ನನ್ನ ಬಾಯಿಂದ ಬಂದುಬಿಟ್ಟಿತು: "ನಾ ಹೊಟ್ಟ್ಯಾಗಿದ್ದ ವರ್ಷದ ರೋಜಾನೂ ಅಮ್ಮಿ ಹಿಡಿದಿರಲಿಲ್ಲಂತ್ರಿ."

"ಖರೇನ?"

"ಖರೇ ರೀ. ಆದ್ರ ವಾರಕ್ಕ ಒಂದೇ ಹಿಡೀರಿ."

ಇವತ್ತು ಬೆಳಿಗ್ಗೆ ತಾವೇ ಬಜಾರಿಗೆ ಹೋಗಿ, ಒಂದೊಂದೇ ಒತ್ತಿ ನೋಡಿ ಪೇರಲ ಆರಿಸಿ ತಂದರು. ಆ ವರ್ಷ ನೀನು ರೋಜಾ ಹಿಡಿದಿದ್ದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಒಂದು ದಿನ ಅಬ್ಬಾ ನಿನ್ನ ಹತ್ತಿರ ಬಂದು ಕೇಳಿದರೆ, ಹಿಡಿದಿರಲಿಲ್ಲ ಅಂತಲೇ ಹೇಳು.