ಹಲ್ಲಿಗೊಂದು ಕಲ್ಲು

ಮಾವನವರಿಗೆ ಸೊಸೆ ಚಿನಾತ್ಸುವಿನ ನಮಸ್ಕಾರಗಳು.

ನಿಮ್ಮ ಮೊಮ್ಮಗ ಇತ್ಸುಕಿ ಚೆನ್ನಾಗಿದ್ದಾನೆ. ಅಳುತ್ತಾನೆ, ನಾನು ಎದ್ದು ಹಾಲು ಕೊಡುತ್ತೇನೆ. ಗಂಜಿಯನ್ನು ನುಣ್ಣಗೆ ಅರೆದು ಉಣಿಸಲು ಶುರು ಮಾಡಿದ್ದೇನೆ. ನಿಮ್ಮ ಮಗ ಹೋದಾಗಿನಿಂದ ನನಗೆ ಅಳು ಬರುವುದಿಲ್ಲ, ಹಾಲು ಮಾತ್ರ ಬರುತ್ತದೆ. ಮಗುವಿಗೆ ಅಷ್ಟು ಸಾಕು.

ಮಗು ಹುಟ್ಟಿದ ನೂರನೆಯ ದಿನ ಮಾಡಬೇಕಾಗಿದ್ದ ಮೊದಲ ತುತ್ತಿನ ಶಾಸ್ತ್ರ ಹಾಗೆಯೇ ಉಳಿದಿದೆ. ಪಕ್ಕದ ಮನೆಯ ಫುಜಿಎ ಅಜ್ಜಿ ದಿನಾ ಬೇಲಿಯಾಚೆಯಿಂದ, "ಏನೇ, ಇನ್ನೂ ಮಾಡಿಲ್ವಾ? ನೀನು ಹೇಳೋವರೆಗೂ ಹಲ್ಲು ಕಾಯ್ಕೊಂಡಿರುತ್ತಾ?" ಅನ್ನುತ್ತಾರೆ. ಗಂಡುಮಗುವಿಗೆ ಮನೆಯ ಹಿರಿಯ ಗಂಡಸೇ ತುತ್ತು ಮುಟ್ಟಿಸಬೇಕು. ನಮಗೆ ಉಳಿದಿರುವುದು ನೀವೊಬ್ಬರೇ.

ಸಮುದ್ರದಲ್ಲಿ ನಿಮ್ಮ ಮಗನ ದೋಣಿ ಬರಿದಾಗಿ ಸಿಕ್ಕ ದಿನ ನೀವು, "ಇನ್ಮೇಲೆ ಸಮುದ್ರದ್ದು ಏನೂ ನಮ್ಮ ಹೊಸಿಲು ದಾಟಬಾರ್ದು" ಅಂದಿರಿ. ಆದ್ದರಿಂದ ಶಾಸ್ತ್ರದ ತಟ್ಟೆಯಲ್ಲಿ ಮೀನು ಇಡುವುದಿಲ್ಲ, ತೋಫು ಇಡುತ್ತೇನೆ. ಆದರೆ ಹಲ್ಲು ಗಟ್ಟಿಯಾಗಲೆಂದು ಊಟದ ಕಡ್ಡಿಯನ್ನು ಕಲ್ಲಿಗೆ ಮುಟ್ಟಿಸಿ ಒಸಡಿಗೆ ತಾಗಿಸುತ್ತಾರಲ್ಲ, ಆ ಕಲ್ಲಿಗೆ ಬದಲಿ ಇಲ್ಲ. ಅದನ್ನು ನಮ್ಮ ಸಮುದ್ರದ ದಡದಿಂದಲೇ ತರಬೇಕು. ಭಾನುವಾರ ಬರುವಾಗ ಒಂದನ್ನು ಆರಿಸಿ ತನ್ನಿ.

ಹಲ್ಲಂತೂ ಕಾಯಲಿಲ್ಲ. ನಿನ್ನೆ ಹಾಲು ಕುಡಿಯುತ್ತಾ ಕಚ್ಚಿಬಿಟ್ಟ. ನೋವಾಯಿತು. ಎಷ್ಟೋ ದಿನಗಳ ಮೇಲೆ ನನಗೂ ಏನೋ ಆಗುತ್ತದೆ ಎಂದು ಗೊತ್ತಾಯಿತು.

ಶಾಸ್ತ್ರ ಮುಗಿದ ಮೇಲೆ ಕಲ್ಲನ್ನು ತೊಳೆದು, ತಂದ ಜಾಗದಲ್ಲೇ ಇಟ್ಟು ಬರಬೇಕು. ಆಗ ನೀವೊಬ್ಬರೇ ಹೋಗುವುದು ಬೇಡ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ನಾನೂ ಬರುತ್ತೇನೆ.

ಭಾನುವಾರ ನಿಮ್ಮ ದಾರಿ ನೋಡುವ,
ಚಿನಾತ್ಸು