ಹದಿನೇಳನೇ ಮರದ ಷರಾ

ಮಾರ್ಚ್ 4, ಬೆಳಿಗ್ಗೆ

ಆಸ್ಪತ್ರೆಯ ಹಿಂಬದಿ ಮೈದಾನ. ಇಲ್ಲೊಂದು ತೋಟವಾಗಬೇಕು, ವಿನ್ಯಾಸ ನಮ್ಮ ಆಫೀಸಿನದು. ಸೈಟ್ ಅನಾಲಿಸಿಸ್‌ನ ಮೂರನೇ ದಿನ. ಇಳಿಜಾರು ಅಳೆದಾಯಿತು, ನೀರು ನಿಲ್ಲುವ ಮೂಲೆ ಗುರುತಿಸಿಯಾಯಿತು, ಗಂಟೆಗೊಮ್ಮೆ ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆದಾಯಿತು. ಇಂದು ಮರಗಣತಿ. ಒಟ್ಟು ನಲವತ್ತಮೂರು ಪ್ರಜೆಗಳು. ಒಬ್ಬೊಬ್ಬರ ಕಾಂಡಕ್ಕೂ ಮರದ ಸುತ್ತಿಗೆಯಿಂದ ನಾಲ್ಕೂ ಮಗ್ಗುಲಲ್ಲಿ ತಟ್ಟಿ ಕಿವಿಗೊಡಬೇಕು — ಗಟ್ಟಿಯೋ, ಟೊಳ್ಳೋ. ಮಗ ಡಾಕ್ಟರ್ ಆಗಲಿಲ್ಲವೆಂಬ ಅಮ್ಮನ ಕೊರಗು ಇಂದಿಗೆ ತೀರಿತು.

ಹದಿನೇಳನೆಯದು ಎಲ್ಲಕ್ಕಿಂತ ದೊಡ್ಡದು. ಅದರಡಿಯಲ್ಲಿ ಆರು ಗಾಲಿಕುರ್ಚಿ, ನರ್ಸ್ ಆಗಿರುವ ನನ್ನಕ್ಕನ ವಾರ್ಡಿನವರು. ಅವರಲ್ಲೊಬ್ಬರು ಮೇಷ್ಟ್ರು. ಒಂಬತ್ತು ವರ್ಷದಿಂದ ಊಟ ಈ ನೆರಳಲ್ಲೇ, ಮುನಿಸೂ ಇಲ್ಲೇ.

"ಮೆಲ್ಲಗೆ ಹೊಡಿಯಪ್ಪ. ಅದಕ್ಕೂ ವಯಸ್ಸಾಗಿದೆ."

"ಬಿ.ಪಿ. ನೋಡ್ತಿದೀನಿ ಮೇಷ್ಟ್ರೇ."

"ಹಾಗಾದ್ರೆ ಇದಕ್ಕೂ ಉಪ್ಪು ಬಿಡು ಅಂತೀಯ."

ಮೂರು ಮಗ್ಗುಲು ಗಟ್ಟಿ. ಉತ್ತರಕ್ಕೆ ಪಂಪ್ ಶೆಡ್ ಅಂಟಿಕೊಂಡಿದೆ, ಕೈ ತೂರುವುದಿಲ್ಲ. ನಾಲ್ಕನೆಯದೂ ಅದೇ ಮನೆತನದ್ದಲ್ಲವೇ... ಮುಂದಿನ ಮರ.

ಮಾರ್ಚ್ 6, ಮಧ್ಯಾಹ್ನ

ಆಫೀಸು. ಪಟ್ಟಿ ಟೈಪ್ ಮಾಡಿ ಮಾಡಿ ತಲೆ ಕೆಟ್ಟಿತು. ಮನುಕುಲದ ಹಿತ ಬಯಸಿ, ಅದೇ ಪಟ್ಟಿಯಲ್ಲಿ ಕೆಲವು ಮರಗಳಿಗೆ ನಮ್ಮ ಆಫೀಸಿನವರ ಹೆಸರಿಟ್ಟು ತಕ್ಕ ಷರಾ ಬರೆದೆ. ಒಂಬತ್ತು, ನಾನು: "ಎಳೆಯದು, ಸೊಟ್ಟ, ಆಸರೆ ಬೇಕು." ಹದಿನೇಳು, ಬಾಸ್: "ಹರವು ದೊಡ್ಡದು. ಒಳಗೆ ಪೂರ್ತಿ ಟೊಳ್ಳು. ಯಾರ ಮೇಲಾದರೂ ಬೀಳುವ ಮೊದಲು ತೆಗೆಸುವುದು ಉತ್ತಮ."

ಊಟದ ಹೊತ್ತಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಸಭ್ಯಸ್ಥನಂತೆ ಹೆಸರಿನ ಕಾಲಂ ಅಳಿಸಿ, ಪಟ್ಟಿ ಕಳಿಸಿದೆ.

ಏಪ್ರಿಲ್ 11, ಶುಕ್ರವಾರ

ಅಕ್ಕನ ಫೋನು. "ಲೋ, ನಮ್ಮ ಮರಕ್ಕೆ ಯಾಕೋ ಕೆಂಪು ಬಣ್ಣ ಬಳಿದಿದಾರೆ?"

"ಅಲಂಕಾರಕ್ಕೆ."

"ತಮಾಷೆ ಸಾಕು. ಮಂಗಳವಾರ ಕಡೀತಾರಂತೆ. ಮೇಷ್ಟ್ರು ಬೆಳಿಗ್ಗೆಯಿಂದ ತುತ್ತು ಮುಟ್ಟಿಲ್ಲ."

ಫೈಲ್ ತೆರೆದೆ. ಹೆಸರು ಅಳಿಸಿದ್ದೆ. ಷರಾ ಅಳಿಸಿರಲಿಲ್ಲ. ನನ್ನ ಷರಾ ನಂಬಿ ಪ್ಲಾನ್ ಆಗಿದೆ — ಹದಿನೇಳು ಇದ್ದ ಕಡೆ ಆಂಬ್ಯುಲೆನ್ಸ್ ನಿಲ್ಲುವ ಜಾಗ.

ಏಪ್ರಿಲ್ 12

ಬಾಸ್ ಮುಂದೆ ನಿಂತೆ.

"ಸರ್, ಹದಿನೇಳು ಟೊಳ್ಳಲ್ಲ. ಅದು ತಮಾಷೆಗೆ ಬರೆದದ್ದು."

ಕನ್ನಡಕ ತೆಗೆದಿಟ್ಟರು. "ಹೋದ ತಿಂಗಳು ನೀನು ಗೋಡೆ ಗಡಿಯಾರ ಅರ್ಧ ಗಂಟೆ ಮುಂದಿಟ್ಟೆ. ಅದಕ್ಕೂ ಮೊದಲು, ನನಗೆ ಕಿವಿ ಕೇಳಲ್ಲ ಅಂತ ಕ್ಲೈಂಟ್‌ಗೆ ಹೇಳ್ದೆ. ಪಾಪ, ಆ ಮನುಷ್ಯ ಒಂದು ಗಂಟೆ ಕಿರುಚಿದ್ರು. ಇವತ್ತು ಇದು ಯಾವ ಆಟ?"

"ಆಟ ಅಲ್ಲ ಸರ್."

"ಹದಿನೇಳು ನಾನೇ ಅಂತ ನನಗೂ ಗೊತ್ತು. ಅವತ್ತೇ ಯಾರೋ ತೋರಿಸಿದ್ರು, ನಕ್ಕೆ. ಆದ್ರೆ ಹೆಸರು ತಮಾಷೆ, ಷರಾ ನಿಜ ಅಂದ್ಕೊಂಡೆ. ಮರದ ವಿಷಯದಲ್ಲಿ ನೀನು ಸುಳ್ಳು ಬರೀತೀಯ ಅಂತ ತಲೆಗೇ ಹೊಳೀಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು.

"ಸೋಮವಾರ ಬರ್ತೀನಿ. ನನ್ನೆದುರು ತಟ್ಟು. ನಾಲ್ಕೂ ಕಡೆ. ಶೆಡ್ ಹೇಗೂ ಕೆಡವಿಯಾಗಿದೆ."

ಏಪ್ರಿಲ್ 13

ಮೂರು ಮಗ್ಗುಲು ಗಟ್ಟಿ. ಮೂರು.

ಏಪ್ರಿಲ್ 14, ಮಧ್ಯಾಹ್ನ 2

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಬಾಸ್ ಬಂದರು. ಶುರು ಮಾಡೆಂದು ಕೈಸನ್ನೆ ಮಾಡಿ, ಗುತ್ತಿಗೆದಾರನ ಜೊತೆ ಗೇಟಿನ ಹತ್ತಿರ ಮಾತಿಗೆ ನಿಂತರು. ಆರೂ ಗಾಲಿಕುರ್ಚಿ ಮರದಡಿ ಹಾಜರು, ಪಕ್ಕದಲ್ಲಿ ಅಕ್ಕ. ಪೂರ್ವಕ್ಕೆ ತಟ್ಟಿದೆ, ಠಣ್. ದಕ್ಷಿಣ, ಠಣ್. ಪಶ್ಚಿಮ, ಠಣ್. ಮೇಷ್ಟ್ರು ಚಪ್ಪಾಳೆ ಹೊಡೆದರು. "ಪಾಸು."

ಉತ್ತರಕ್ಕೆ ಹೋದೆ. ಶೆಡ್ಡಿನ ಗೋಡೆ ತಾಗಿದ್ದ ಕಡೆ ತೊಗಟೆ ಕಪ್ಪಗೆ, ಒದ್ದೆ. ಪೈಪು ಎಷ್ಟು ವರ್ಷ ಸೋರಿತ್ತೋ. ತಟ್ಟಿದೆ.

ಬೊದ್.

ಕುಂಬಳಕಾಯಿ ತಟ್ಟಿದ ಹಾಗೆ. ಮೇಲೆ ತಟ್ಟಿದೆ, ಕೆಳಗೆ ತಟ್ಟಿದೆ. ಬೊದ್, ಬೊದ್.

"ಏನಾಯ್ತು?" ದೂರದಿಂದ ಬಾಸ್. ಅವರಿಗೆ ಕೇಳಿಸಿರಲಿಲ್ಲ.

ಮೇಷ್ಟ್ರಿಗೆ ಕೇಳಿಸಿತ್ತು. "ಗಟ್ಟಿ ಅನ್ನು" ಎಂದರು ಪಿಸುದನಿಯಲ್ಲಿ. "ಇಷ್ಟು ದಿನ ನಿಂತಿದೆ, ನಾನಿರೋವರೆಗೂ ನಿಂತಿರತ್ತೆ. ಒಂದು ಮಾತು ಅಷ್ಟೇ ಅಲ್ವೇನಪ್ಪ."

ಅಕ್ಕ ಬ್ರೇಕ್ ಬಿಡಿಸಿ, ಒಂದೊಂದೇ ಕುರ್ಚಿಯನ್ನು ಬಿಸಿಲಿಗೆ ತಳ್ಳತೊಡಗಿದಳು. ಮೇಷ್ಟ್ರದ್ದು ಕೊನೆಯದು. ಅವರು ಗಾಲಿ ಹಿಡಿದುಕೊಂಡಿದ್ದರು. ಬೆರಳು ಒಂದೊಂದಾಗಿ ಬಿಡಿಸಿದಳು.

ಬಾಸ್ ಹತ್ತಿರ ಬಂದು ಹೊಸ ಹಾಳೆ ಕೊಟ್ಟರು. "ನಾನು ತಟ್ಟಿ ನೋಡಲ್ಲ. ಐದರೊಳಗೆ ಬರೆದು ಸಹಿ ಹಾಕಿ ಕೊಡು. ನೀನು ಬರೆದದ್ದೇ ಕೊನೆ. ಈ ಒಂದು ಸಲ ನಂಬ್ತೀನಿ."

ಸಂಜೆ 4.40

ಅಕ್ಕನ ವಾರ್ಡಿನ ಮೇಜು. ಹಾಳೆ ಮುಂದಿದೆ. ಸುಳ್ಳೆಂದು ಬರೆದದ್ದು ನಿಜವಾಗಿತ್ತು. ನಿಜವೆಂದು ಅಂಗಲಾಚಿದ್ದು ಸುಳ್ಳಾಯಿತು. ಬೇರೆ ದಿನವಾಗಿದ್ದರೆ ಇದಕ್ಕೆ ನಾನೇ ಎಷ್ಟು ನಗುತ್ತಿದ್ದೆ.

ಕಿಟಕಿಯಾಚೆ ಮೇಷ್ಟ್ರು ಇನ್ನೂ ಬಿಸಿಲಲ್ಲೇ ಇದ್ದಾರೆ. ಒಳಗೆ ಬರಲು ಒಪ್ಪಿಲ್ಲ. ಈ ಕಡೆಯೇ ನೋಡುತ್ತಿದ್ದಾರೆ.

ಮರ 17. ಪೂರ್ವ: ಗಟ್ಟಿ. ದಕ್ಷಿಣ: ಗಟ್ಟಿ. ಪಶ್ಚಿಮ: ಗಟ್ಟಿ. ಉತ್ತರ: ಟೊ